ಮನೆ ನಮ್ಮದು, ಸೈಟು ಅವರದು: ಕೆಡಿಇ ಮತ್ತು ಕ್ಯೂಟ್ ಲೈಸೆನ್ಸ್ ಜಗಳದ ಪ್ರಕರಣ ಅಧ್ಯಯನ

ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡ ಹೊಸದರಲ್ಲಿ ಹೆಚ್ಚಿನವರಿಗೆ ಒಂದು ಅನುಮಾನ ಬರುತ್ತದೆ. ಮೈನ್ಸ್ ಆಟ ಹುಡುಕಿದರೆ ಎರಡು ಸಿಗುತ್ತವೆ. ಕೆಮೈನ್ಸ್ ಒಂದು, ಗ್ನೋಮ್ ಮೈನ್ಸ್ ಇನ್ನೊಂದು. ಒಬ್ಬರೇ ಕೂತು ಆಡುವ ಇಸ್ಪೀಟಿಗೂ ಎರಡು: ಕೆಪೇಶನ್ಸ್ ಮತ್ತು ಐಲ್‌ರಾಯಟ್. ಫೈಲ್ ಮ್ಯಾನೇಜರ್ ಎರಡು, ಟರ್ಮಿನಲ್ ಎರಡು, ಪಿಡಿಎಫ್ ತೆರೆಯಲು ಎರಡು. ಎಲ್ಲವೂ ಪುಕ್ಕಟೆ. ಬಹುಪಾಲು ಜನ ತಮ್ಮ ಬಿಡುವಿನ ವೇಳೆಯಲ್ಲಿ ಬರೆದದ್ದು. ಮೊದಲೇ ಕೆಲಸಕ್ಕೆ ಕೈ ಕಮ್ಮಿ ಇರುವ ಕಡೆ ಒಂದೇ ಕೆಲಸವನ್ನು ಎರಡೆರಡು ಸಲ ಯಾಕೆ ಮಾಡಿದರು, ಇವರಿಗೆ ತಲೆ ಸರಿ ಇತ್ತಾ ಅಂತ ನಾನೂ ಕೇಳಿದ್ದೆ.

ತಲೆ ಸರಿಯಾಗೇ ಇತ್ತು. ಸರಿ ಇಲ್ಲದ್ದು ಒಂದು ಲೈಸೆನ್ಸ್.

ಈ ಪ್ರಕರಣ 1996ರ ಅಕ್ಟೋಬರ್‌ನಲ್ಲಿ ಜರ್ಮನಿಯಲ್ಲಿ ಶುರುವಾಯಿತು. ನಡುವೆ ಮೆಕ್ಸಿಕೊ ದಾಟಿ, 2000ದ ಸೆಪ್ಟೆಂಬರ್‌ನಲ್ಲಿ ನಾರ್ವೆಯಲ್ಲಿ ಒಂದು ಹಂತಕ್ಕೆ ಬಂತು. ಪೂರ್ತಿ ಮುಗಿದಿದೆ ಅಂತ ಈಗಲೂ ಹೇಳುವ ಹಾಗಿಲ್ಲ. ನಮ್ಮ ಕಡೆ ಮಾತಿನಲ್ಲಿ ಹೇಳಿದರೆ ಇದು ಸೈಟಿನ ತಕರಾರು. ಮನೆ ಅಂದರೆ ಕೆಡಿಇ, ಪರದೆಯ ಮೇಲಿನ ಕಿಟಕಿ, ಮೆನು, ಪ್ರೋಗ್ರಾಮ್‌ಗಳೆಲ್ಲ ಸೇರಿದ ಒಂದು ಡೆಸ್ಕ್‌ಟಾಪ್; ಅದರ ಕೆಳಗಿನ ಸೈಟು ಕ್ಯೂಟ್. ಮನೆ ಕಟ್ಟಿದವರು ಒಬ್ಬರು, ಸೈಟಿನ ಖಾತೆ ಇರುವುದು ಇನ್ನೊಬ್ಬರ ಹೆಸರಲ್ಲಿ. ಇಬ್ಬರೂ ಒಳ್ಳೆಯವರೇ. ಅದೇ ಈ ಪ್ರಕರಣದ ಸ್ವಾರಸ್ಯ.

ಗೆಳತಿಯ ಕಂಪ್ಯೂಟರ್

1996ರ ಅಕ್ಟೋಬರ್ 14ರಂದು ಟ್ಯೂಬಿಂಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಥಿಯಾಸ್ ಎಟ್ರಿಖ್ ಆಗಿನ ಅಂತರ್ಜಾಲ ಚರ್ಚಾಕಟ್ಟೆಯಾದ ಯೂಸ್‌ನೆಟ್‌ನಲ್ಲಿ ಒಂದು ಉದ್ದನೆಯ ಪ್ರಕಟಣೆ ಹಾಕಿದರು. ಆಗ ಅವರಿಗೆ 24 ವರ್ಷ. ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.0 ಆವೃತ್ತಿ ಬಂದು ನಾಲ್ಕು ತಿಂಗಳಾಗಿತ್ತಷ್ಟೆ. ಲಿನಕ್ಸ್ ಜನರ ನಡುವೆ ಬೆಳೆಯುತ್ತಿದೆ, ಆದರೆ ನೋಡಲು ಚೆನ್ನಾಗಿರುವ, ಎಲ್ಲೆಡೆ ಒಂದೇ ರೀತಿ ನಡೆದುಕೊಳ್ಳುವ ಡೆಸ್ಕ್‌ಟಾಪ್ ಇನ್ನೂ ಇಲ್ಲ ಅನ್ನುವುದು ಅವರ ದೂರು.

ಈ ದೂರು ಹುಟ್ಟಿದ್ದು ಗೆಳತಿಯ ಕಂಪ್ಯೂಟರನ್ನು ಸಿದ್ಧ ಮಾಡಿಕೊಡುವಾಗ. ಅಲ್ಲಿಯವರೆಗೆ ಅವರಿಗೆ ತೊಂದರೆ ಕಂಡೇ ಇರಲಿಲ್ಲ. ಕೆಲವು ಪ್ರೋಗ್ರಾಮ್‌ಗಳಲ್ಲಿ ಮೌಸ್ ಅನ್ನು ಪೆಟ್ಟಿಗೆಯ ಮೇಲೆ ಇಟ್ಟರೆ ಮಾತ್ರ ಕೀ ಒತ್ತಿದ್ದು ತಾಗುತ್ತದೆ. ಕೆಲವು ಸ್ಕ್ರೋಲ್‌ಬಾರ್‌ಗಳನ್ನು ಎಳೆಯಲು ಮೌಸಿನ ನಡುವಿನ ಬಟನ್ನೇ ಆಗಬೇಕು. ಕೆಲವು ಬರೆಯುವ ಪೆಟ್ಟಿಗೆಗಳಿಗೆ ಹಳೆಯ ಪಠ್ಯ ಸಂಪಾದಕವಾದ ಈಮ್ಯಾಕ್ಸ್‌ನ ಕೀಗಳು ಬಿಟ್ಟರೆ ಬೇರೆ ಗೊತ್ತಿಲ್ಲ, ಹೋಮ್, ಎಂಡ್ ಒತ್ತಿದರೆ ಸುಮ್ನೆ ಕೂತಿರುತ್ತವೆ. ಪಠ್ಯ ಆರಿಸಿಕೊಳ್ಳುವ ರೀತಿ ಒಂದೊಂದರಲ್ಲೂ ಒಂದೊಂದು. ದಿನಾ ಬಳಸುವ ಎಟ್ರಿಖ್‌ಗೆ ಇವೆಲ್ಲ ಕೈಗೆ ಅಭ್ಯಾಸವಾಗಿದ್ದವು. ಹೊಸಬರಿಗೆ ತೋರಿಸಿಕೊಡಲು ಹೋದಾಗ ನಾಚಿಕೆ ಆಯಿತು. ನಮ್ಮ ಮನೆಯ ಬಾಗಿಲು ಹೇಗೆ ಒದ್ದರೆ ತೆಗೆಯುತ್ತದೆ ಅಂತ ನೆಂಟರಿಗೆ ವಿವರಿಸುವಾಗ ಆಗುತ್ತದಲ್ಲ, ಹಾಗೆ.

ಕಾರಣ ಸರಳ. ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್‌ನ ಎಕ್ಸ್ ವಿಂಡೋ ವ್ಯವಸ್ಥೆ ಪರದೆಯ ಮೇಲೆ ಚೌಕ ಕೊಡುತ್ತದೆ, ಗೆರೆ ಎಳೆಯುತ್ತದೆ, ಮೌಸ್ ಎಲ್ಲಿದೆ ಅಂತ ಹೇಳುತ್ತದೆ. ಬಟನ್ ಹೇಗಿರಬೇಕು, ಮೆನು ಹೇಗೆ ತೆರೆಯಬೇಕು ಅನ್ನುವುದು ಅದರ ಕೆಲಸ ಅಲ್ಲ. ಅದಕ್ಕೆ ಟೂಲ್‌ಕಿಟ್ ಬೇಕು, ಅಂದರೆ ಬಟನ್, ಮೆನು, ಸ್ಕ್ರೋಲ್‌ಬಾರ್‌ಗಳ ರೆಡಿಮೇಡ್ ಸರಕು. ಒಬ್ಬರು ಮೋಟಿಫ್ ಬಳಸಿದರು, ಇನ್ನೊಬ್ಬರು ಎಕ್ಸ್‌ಫಾರ್ಮ್ಸ್, ಮತ್ತೊಬ್ಬರು ಅಥೀನಾ. ಒಂದೇ ಪರದೆಯ ಮೇಲೆ ಐದು ಅಂಗಡಿಯ ಸರಕು.

ಎಟ್ರಿಖ್ ಯಾರಿಗಾಗಿ ಕಟ್ಟಲು ಹೊರಟರು ಅನ್ನುವುದು ಆ ಪ್ರಕಟಣೆಯಲ್ಲೇ ಇದೆ. ಸಿಸ್ಟಮ್ ನೋಡಿಕೊಳ್ಳುವ ಪಂಡಿತರಿಗೆ ಅಲ್ಲ. ವೆಬ್ ನೋಡುವ, ನಾಲ್ಕು ಕಾಗದ ಬರೆಯುವ, ಒಂದೆರಡು ಒಳ್ಳೆಯ ಆಟ ಆಡುವ ಮನುಷ್ಯರಿಗೆ. ಆಟ ಅನ್ನುವುದು ಮೊದಲ ದಿನದಿಂದಲೇ ಪಟ್ಟಿಯಲ್ಲಿತ್ತು ಅನ್ನುವುದು ನನಗೆ ಇಷ್ಟದ ಸಂಗತಿ. ಡೆಸ್ಕ್‌ಟಾಪ್ ಅಂದರೆ ಕಚೇರಿ ಕೆಲಸ ಅಂತ ಅಷ್ಟೇ ತಿಳಿದವರು ಬರೆದ ಯೋಜನೆ ಅದಾಗಿರಲಿಲ್ಲ. ಹೆಸರು ಕೂಲ್ ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್, ಕೆಡಿಇ. ದೊಡ್ಡ ಯೂನಿಕ್ಸ್ ಕಂಪನಿಗಳು ಮಾರುತ್ತಿದ್ದ ಸಿಡಿಇ ಎಂಬ ಡೆಸ್ಕ್‌ಟಾಪಿಗೆ ಹೊಡೆದ ಚಟಾಕಿ ಅದು.

ಸರಕು ಯಾವ ಅಂಗಡಿಯದು? ಅಲ್ಲೇ ಕತೆ ತಿರುಗುವುದು.

ನಾರ್ವೆಯ ಅಂಗಡಿ

ಎಟ್ರಿಖ್ ಆರಿಸಿದ್ದು ಕ್ಯೂಟ್. ಬರೆಯುವುದು ಕ್ಯೂ ಮತ್ತು ಟಿ ಎಂಬ ಎರಡು ಅಕ್ಷರ, ಓದಬೇಕಾದ್ದು ಕ್ಯೂಟ್. ನಮ್ಮಲ್ಲಿ ಹೆಚ್ಚಿನವರು ಕ್ಯೂಟಿ ಅನ್ನುತ್ತಾರೆ, ಪರವಾಗಿಲ್ಲ. ಇದನ್ನು ಬರೆದವರು ನಾರ್ವೆಯ ಹೋವಾರ್ಡ್ ನೋರ್ಡ್ ಮತ್ತು ಐರಿಕ್ ಶಾಂಬೆ-ಎಂಗ್. ಟ್ರೋನ್‌ಹೈಮ್‌ನಲ್ಲಿ ಅಲ್ಟ್ರಾಸೌಂಡ್ ಚಿತ್ರಗಳ ಡೇಟಾಬೇಸ್ ಮಾಡುತ್ತಿದ್ದಾಗ ಒಂದೇ ಪ್ರೋಗ್ರಾಮ್ ಯೂನಿಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಓಡಬೇಕಾಗಿ ಬಂತು. ಆ ಪರದಾಟದಿಂದ ಹುಟ್ಟಿದ ಯೋಚನೆ ಇದು. 1994ರಲ್ಲಿ ಕಂಪನಿ ಶುರುವಾಯಿತು, ಅದೇ ಮುಂದೆ ಟ್ರೋಲ್‌ಟೆಕ್ ಆಯಿತು. 1995ರ ಮೇ 20ರಂದು ಮೊದಲ ಕ್ಯೂಟ್ ಹೊರಬಂತು. ಕ್ಯೂ ಅಕ್ಷರ ಯಾಕೆ? ನೋರ್ಡ್ ಅವರ ಈಮ್ಯಾಕ್ಸ್ ಫಾಂಟ್‌ನಲ್ಲಿ ಅದು ಚೆಂದ ಕಾಣುತ್ತಿತ್ತಂತೆ. ಶುರುವಿನ ವರ್ಷಗಳಲ್ಲಿ ಇಬ್ಬರ ಮನೆಯೂ ಹೆಂಡತಿಯರ ಸಂಬಳದಲ್ಲಿ ನಡೆಯಿತು. 1996ರಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಹತ್ತು ಲೈಸೆನ್ಸ್ ಕೊಂಡಿತು. ಇಂಥ ಸಣ್ಣ ಅಂಗಡಿಗೆ ಅದು ದೊಡ್ಡ ಗಿರಾಕಿ.

ಸರಕು ನಿಜವಾಗಿಯೂ ಚೆನ್ನಾಗಿತ್ತು. ಒಂದೇ ಉದಾಹರಣೆ ಸಾಕು. ಇಸ್ಪೀಟ್ ಆಟದಲ್ಲಿ ‘ಎಲೆ ಹಂಚು’ ಅಂತ ಒಂದು ಬಟನ್ ಇದೆ ಅಂದುಕೊಳ್ಳಿ. ಹಳೆಯ ಟೂಲ್‌ಕಿಟ್‌ಗಳಲ್ಲಿ ಬಟನ್‌ಗೆ ಯಾವ ಫಂಕ್ಷನ್ ಕರೆಯಬೇಕು ಅಂತ ಕಿವಿ ಹಿಂಡಿ ಹೇಳಿಕೊಡಬೇಕಿತ್ತು. ಅದು ಕಳಿಸುವ ಮಾಹಿತಿಯ ಬಗೆ ತಪ್ಪಿದರೆ ಪ್ರೋಗ್ರಾಮ್ ಧಡಾರಂತ ಬೀಳುತ್ತಿತ್ತು. ಕ್ಯೂಟ್‌ನಲ್ಲಿ ಬಟನ್ ಸುಮ್ನೆ ಕೂಗುತ್ತದೆ: ನನ್ನನ್ನು ಒತ್ತಿದರು. ಕೇಳಿಸಿಕೊಳ್ಳುವವರು ಯಾರು ಅನ್ನುವುದು ಅದಕ್ಕೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಎಲೆ ಹಂಚುವ ಭಾಗ ಕೇಳಿಸಿಕೊಳ್ಳುತ್ತದೆ, ಅಂಕ ಲೆಕ್ಕ ಹಾಕುವ ಭಾಗವೂ ಕೇಳಿಸಿಕೊಳ್ಳುತ್ತದೆ. ಎರಡನ್ನೂ ಜೋಡಿಸಲು ಒಂದೊಂದು ಸಾಲು. ಇದಕ್ಕೆ ಸಿಗ್ನಲ್ ಮತ್ತು ಸ್ಲಾಟ್ ಅಂತ ಹೆಸರು. ರಾತ್ರಿ ಊಟ ಆದಮೇಲೆ ಎರಡು ಗಂಟೆ ಪ್ರೋಗ್ರಾಮ್ ಬರೆಯುವ ಹುಡುಗರಿಗೆ ಇದು ವರವೇ. ಕ್ಯೂಟ್ ಜೊತೆ ಬರುತ್ತಿದ್ದ ಮಾದರಿ ಪ್ರೋಗ್ರಾಮ್‌ಗಳಲ್ಲಿ ಟೆಟ್ರಿಸ್ ತರಹದ್ದೊಂದು ಆಟವೂ ಇತ್ತು.

ಎಟ್ರಿಖ್ ಇನ್ನೊಂದು ಲೆಕ್ಕವನ್ನೂ ಹಾಕಿದ್ದರು. ಹಿಂದೆ ಕಂಪನಿ ಇರುವುದು ಒಳ್ಳೆಯದೇ. ಅವರು ಇಡೀ ದಿನ ಇದೇ ಕೆಲಸ ಮಾಡುತ್ತಾರೆ. ನಮಗೆ ಸೋರ್ಸ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ಸಿಗುತ್ತದೆ, ಅವರಿಗೆ ಪರೀಕ್ಷೆ ಮಾಡುವ ಜನ ಸಿಗುತ್ತಾರೆ. ಈ ಲೆಕ್ಕ ತಪ್ಪಿರಲಿಲ್ಲ ಅಂತಲೇ ನಾನು ಹೇಳುವುದು. 1998ರ ಜುಲೈ 12ರಂದು ಕೆಡಿಇ 1.0 ಬಂತು, ಇಪ್ಪತ್ತೊಂದೇ ತಿಂಗಳಲ್ಲಿ. ಪ್ಯಾನೆಲ್, ಫೈಲ್ ಮ್ಯಾನೇಜರ್, ಮೇಲ್, ಆಟಗಳ ಒಂದು ಇಡೀ ಗಂಟು, ಎಲ್ಲಾ ಒಂದೇ ಮುಖಲಕ್ಷಣದಲ್ಲಿ. ಬೇರೆ ಟೂಲ್‌ಕಿಟ್ ಹಿಡಿದಿದ್ದರೆ ಇಷ್ಟು ಬೇಗ ಆಗುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಪುಕ್ಕಟೆ ಬೇರೆ, ಸ್ವತಂತ್ರ ಬೇರೆ

ಈಗ ಖಾತೆ ಪತ್ರ ನೋಡೋಣ.

ಆಗಿನ ಕ್ಯೂಟ್ ಲೈಸೆನ್ಸ್‌ನ ಸಾರ ಹೀಗಿತ್ತು. ಯೂನಿಕ್ಸ್, ಲಿನಕ್ಸ್ ಮೇಲೆ ಎಲ್ಲರಿಗೂ ಹಂಚುವ ಸಾಫ್ಟ್‌ವೇರ್ ಬರೆಯುವುದಾದರೆ ದುಡ್ಡು ಬೇಡ. ಸೋರ್ಸ್ ಮುಚ್ಚಿಟ್ಟು ಮಾರುವ ಸಾಫ್ಟ್‌ವೇರ್ ಬರೆಯುವುದಾದರೆ ದುಡ್ಡು ಕೊಡಿ. ಸೋರ್ಸ್ ನೋಡಬಹುದು. ಆದರೆ ಕ್ಯೂಟ್ ಅನ್ನೇ ತಿದ್ದಿ, ತಿದ್ದಿದ ಪ್ರತಿಯನ್ನು ಹಂಚುವ ಹಾಗಿಲ್ಲ.

ಇಂಗ್ಲಿಷಿನಲ್ಲಿ ಬಿಟ್ಟಿಗೂ ಬಿಡುಗಡೆಗೂ ಒಂದೇ ಪದ. ಅರ್ಧ ಗೊಂದಲ ಅಲ್ಲೇ ಹುಟ್ಟುತ್ತದೆ. ನಮಗೆ ಆ ಕಷ್ಟ ಇಲ್ಲ. ಕ್ಯೂಟ್ ಪುಕ್ಕಟೆ ಇತ್ತು, ಸ್ವತಂತ್ರ ಇರಲಿಲ್ಲ. ಅಷ್ಟೇ.

ಬಳಸುವವರಿಗೆ ಇದರಿಂದ ಏನಾಗುತ್ತದೆ? ಸ್ಕ್ರೋಲ್‌ಬಾರ್‌ನಲ್ಲಿ ಒಂದು ದೋಷ ಕಂಡಿತು ಅಂದುಕೊಳ್ಳಿ. ಸೋರ್ಸ್ ತೆರೆದು ಎರಡು ಸಾಲು ಸರಿ ಮಾಡಿದಿರಿ. ನಿಮ್ಮ ಕಂಪ್ಯೂಟರಿನಲ್ಲಿ ಸರಿಹೋಯಿತು. ಪಕ್ಕದ ಮನೆಯವರೂ ಅದೇ ತೊಂದರೆ ಅನುಭವಿಸುತ್ತಿದ್ದಾರೆ, ನಿಮ್ಮ ಪ್ರತಿ ಕೊಡಬಹುದಾ? ಕೊಡುವ ಹಾಗಿಲ್ಲ. ನಾರ್ವೆಗೆ ಬರೆದು, ಅವರು ಒಪ್ಪಿ, ಮುಂದಿನ ಬಿಡುಗಡೆಯಲ್ಲಿ ಹಾಕುವವರೆಗೆ ಕಾಯಬೇಕು. ಅವರು ಹಾಕಿಯೂ ಹಾಕುತ್ತಾರೆ. ನಾಳೆ ಕಂಪನಿ ಮುಳುಗಿದರೆ? ಯಾರೋ ದೊಡ್ಡವರು ಕೊಂಡುಕೊಂಡು ಲಿನಕ್ಸ್ ಪ್ರತಿಯನ್ನೇ ನಿಲ್ಲಿಸಿದರೆ? ಆಗ ನೂರಾರು ಜನ ಬರೆದ ಮನೆ ಪೂರ್ತಿ ಗಾಳಿಯಲ್ಲಿ.

ಟ್ರೋಲ್‌ಟೆಕ್‌ನವರು ಹಾಗೆ ಮಾಡುವವರಲ್ಲ ಅಂತ ಕೆಡಿಇ ಕಡೆಯವರು ಹೇಳಿದರು. ಮುಂದೆ ನಡೆದದ್ದನ್ನು ನೋಡಿದರೆ ಅವರ ಮಾತು ನಿಜ. ಆದರೆ ಖಾತೆ ಪತ್ರದಲ್ಲಿ ‘ಒಳ್ಳೆಯವರು’ ಅಂತ ಒಂದು ಕಾಲಂ ಇರುವುದಿಲ್ಲವಲ್ಲ.

ಎಟ್ರಿಖ್ ಹೀಗೆ ಮಾಡಿದ್ದು ಇದೇ ಮೊದಲಲ್ಲ. ಕೆಡಿಇಗಿಂತ ಮುಂಚೆ ಅವರು ಶುರುಮಾಡಿದ ಲಿಕ್ಸ್ ಎಂಬ ಬರವಣಿಗೆಯ ಪ್ರೋಗ್ರಾಮ್ ಎಕ್ಸ್‌ಫಾರ್ಮ್ಸ್ ಮೇಲೆ ನಿಂತಿತ್ತು. ಆ ಎಕ್ಸ್‌ಫಾರ್ಮ್ಸ್ ಆಗ ಸೋರ್ಸ್ ಕೂಡ ಕೊಡದ ಸರಕು. ಅದರ ಮೇಲೆ ಇಷ್ಟು ದೊಡ್ಡ ರಾದ್ಧಾಂತ ಆಗಲಿಲ್ಲ. ಒಂದು ಪ್ರೋಗ್ರಾಮ್ ಬೇರೆ, ಎಲ್ಲರೂ ದಿನವಿಡೀ ಕೂರುವ ಇಡೀ ಡೆಸ್ಕ್‌ಟಾಪ್ ಬೇರೆ. ಕೆಡಿಇ ಚೆನ್ನಾಗಿ ಬಂದದ್ದರಿಂದಲೇ ಜನ ಹೆದರಿದ್ದು. ಕೆಟ್ಟದಾಗಿದ್ದರೆ ಯಾರೂ ಕಾಗದ ಪತ್ರ ಕೇಳುತ್ತಿರಲಿಲ್ಲ.

ಮೆಕ್ಸಿಕೊದಿಂದ ಉತ್ತರ

1997ರ ಆಗಸ್ಟ್‌ನಲ್ಲಿ ಮೆಕ್ಸಿಕೊದ ಮಿಗೆಲ್ ದೆ ಇಕಾಸಾ ಮತ್ತು ಫೆದೆರಿಕೊ ಮೆನಾ ಗ್ನೋಮ್ ಶುರುಮಾಡಿದರು. ಬೇರೆ ಸೈಟಿನಲ್ಲಿ ಬೇರೆ ಮನೆ. ಅವರಿಗೆ ಬೇಕಾದ ಟೂಲ್‌ಕಿಟ್ ಅಷ್ಟರಲ್ಲಿ ಒಂದು ಚಿತ್ರ ಬಿಡಿಸುವ ಪ್ರೋಗ್ರಾಮಿನ ಹೊಟ್ಟೆಯಲ್ಲಿ ಹುಟ್ಟಿತ್ತು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಬರೆದ ಗಿಂಪ್ ಮೊದಲು ಮೋಟಿಫ್ ಮೇಲಿತ್ತು. ಮೋಟಿಫ್‌ಗೆ ದುಡ್ಡು ಕೊಡಬೇಕು, ಜೊತೆಗೆ ಕಾಟ. ಬೇಸತ್ತ ಮ್ಯಾಟಿಸ್ ತಮ್ಮದೇ ಟೂಲ್‌ಕಿಟ್ ಬರೆದರು, ಅದೇ ಜಿಟಿಕೆ. ಅದರ ಲೈಸೆನ್ಸ್ ಎಲ್‌ಜಿಪಿಎಲ್: ತಿದ್ದಿ, ಹಂಚಿ, ಅದರ ಮೇಲೆ ಮುಚ್ಚಿದ ಪ್ರೋಗ್ರಾಮನ್ನು ಬೇಕಾದರೂ ಕಟ್ಟಿ, ಯಾರಿಗೂ ದುಡ್ಡು ಕೊಡಬೇಕಿಲ್ಲ.

ಮೂರನೆಯ ದಾರಿಯೂ ಒಂದಿತ್ತು. ಹಾರ್ಮನಿ ಅನ್ನುವ ಗುಂಪು ಕ್ಯೂಟ್‌ನ ನಕಲನ್ನೇ ಸ್ವತಂತ್ರ ಲೈಸೆನ್ಸ್‌ನಲ್ಲಿ ಹೊಸದಾಗಿ ಬರೆಯಲು ಹೊರಟಿತು. ಮನೆ ಹಾಗೇ ಇರಲಿ, ಕೆಳಗಿನ ಸೈಟನ್ನೇ ಬದಲಾಯಿಸೋಣ ಅನ್ನುವ ಪ್ಲಾನು. ಅದು ಮುಗಿಯಲಿಲ್ಲ, ಕೊನೆಗೆ ಬೇಕಾಗಲೂ ಇಲ್ಲ.

ಇಲ್ಲಿಂದ ಎರಡೆರಡು ಆಗುವುದು ಶುರು. ಕೆಡಿಇಯಲ್ಲಿ ಏನೇನಿತ್ತೋ ಅದನ್ನೆಲ್ಲ ಗ್ನೋಮ್‌ನವರು ಮತ್ತೆ ಬರೆಯಬೇಕಾಯಿತು, ಆಟಗಳನ್ನೂ ಸೇರಿಸಿ. ಗ್ನೋಮ್‌ನ ಇಸ್ಪೀಟ್ ಆಟಕ್ಕೆ ಐಲ್‌ರಾಯಟ್ ಅಂತ ಹೆಸರಿಟ್ಟರು. ಸಾಲಿಟೇರ್ ಪದದ ಇಂಗ್ಲಿಷ್ ಅಕ್ಷರಗಳನ್ನು ಕಲಸಿ ಹಾಕಿದರೆ ಬರುವ ಹೆಸರದು. ಅದರ ಒಳಗೆ ಪ್ರತಿ ಆಟದ ನಿಯಮವೂ ಸ್ಕೀಮ್ ಭಾಷೆಯಲ್ಲಿ ಬರೆದ ಪುಟ್ಟ ಪುಟ್ಟ ಫೈಲು. ಹೊಸ ಬಗೆಯ ಆಟ ಬೇಕೆಂದರೆ ಇಡೀ ಪ್ರೋಗ್ರಾಮ್ ಮುಟ್ಟಬೇಕಿಲ್ಲ, ಒಂದು ಫೈಲ್ ಬರೆದು ಸೇರಿಸಿದರೆ ಆಯಿತು. ಬರೀ ಕೆಡಿಇ ಇದ್ದಿದ್ದರೆ ಇಂಥದ್ದು ಹುಟ್ಟುತ್ತಿತ್ತೋ ಇಲ್ಲವೋ. ಎರಡು ಸಲ ಮಾಡಿದ್ದೆಲ್ಲ ದಂಡ ಅಂತ ಹೇಳುವವರಿಗೆ ನಾನು ಇದನ್ನು ತೋರಿಸುತ್ತೇನೆ.

ಕಂಪನಿಗಳೂ ಕಡೆ ಹಿಡಿದವು. ಲಿನಕ್ಸನ್ನು ಜೋಡಿಸಿ ಹಂಚುವ (ಇದಕ್ಕೆ ವಿತರಣೆ ಅನ್ನುತ್ತಾರೆ) ಕಂಪನಿ ರೆಡ್ ಹ್ಯಾಟ್ 1998ರಲ್ಲಿ ಗ್ನೋಮ್ ಕೆಲಸಕ್ಕೆಂದೇ ಸಂಬಳದ ಜನರನ್ನು ಇಟ್ಟಿತು. ಅದೇ ವರ್ಷದ ಜುಲೈನಲ್ಲಿ ಫ್ರಾನ್ಸ್‌ನಲ್ಲಿ ರೆಡ್ ಹ್ಯಾಟ್ 5.1ಕ್ಕೆ ಕೆಡಿಇ 1.0 ಸೇರಿಸಿ ಮ್ಯಾಂಡ್ರೇಕ್ ಅಂತ ಹೊಸ ವಿತರಣೆಯೇ ಹುಟ್ಟಿತು. ಜನಕ್ಕೆ ಬೇಕಾದ್ದನ್ನು ಒಬ್ಬರು ಕೊಡದಿದ್ದರೆ ಪಕ್ಕದಲ್ಲೇ ಇನ್ನೊಂದು ಅಂಗಡಿ ಏಳುತ್ತದೆ.

ಡೆಬಿಯನ್ ಹೇಳಿದ್ದೇನು

ಈ ಭಾಗದಲ್ಲಿ ಸ್ವಲ್ಪ ನಿಧಾನ ಹೋಗಬೇಕು. ಇಲ್ಲಿಯವರೆಗಿನದ್ದು ಅಭಿಪ್ರಾಯಗಳ ಜಗಳ, ಇಲ್ಲಿಂದ ಕಾನೂನಿನದು.

1998ರ ಅಕ್ಟೋಬರ್‌ನಲ್ಲಿ ಸ್ವಯಂಸೇವಕರು ಕಟ್ಟುವ ಲಿನಕ್ಸ್ ವಿತರಣೆಯಾದ ಡೆಬಿಯನ್ ತನ್ನ ಭಂಡಾರದಿಂದ ಕೆಡಿಇಯನ್ನು ತೆಗೆದುಹಾಕಿತು. ಕ್ಯೂಟ್ ಸ್ವತಂತ್ರ ಅಲ್ಲ ಅನ್ನುವುದಷ್ಟೇ ಕಾರಣವಾಗಿದ್ದರೆ ಅದನ್ನು ಸ್ವತಂತ್ರ ಅಲ್ಲದ ಸರಕಿನ ಗೂಡಿನಲ್ಲಿ ಇಟ್ಟು ಸುಮ್ಮನಿರಬಹುದಿತ್ತು. ಅವರು ತಕರಾರು ತೆಗೆದದ್ದು ಕೆಡಿಇಯ ಸ್ವಂತ ಲೈಸೆನ್ಸ್ ಬಗ್ಗೆ. ಕೆಡಿಇ ಪ್ರೋಗ್ರಾಮ್‌ಗಳು ಬಹುಪಾಲು ಜಿಪಿಎಲ್ ಎಂಬ ಸ್ವತಂತ್ರ ಲೈಸೆನ್ಸ್‌ನಲ್ಲಿದ್ದವು. ಜಿಪಿಎಲ್ ಹೇಳುವುದು ಇಷ್ಟು: ಪ್ರೋಗ್ರಾಮನ್ನು ಓಡುವ ರೂಪದಲ್ಲಿ ಹಂಚುವಾಗ, ಅದರೊಳಗೆ ಸೇರಿಕೊಂಡ ಎಲ್ಲ ಭಾಗಗಳ ಸೋರ್ಸನ್ನೂ ಜಿಪಿಎಲ್ ಷರತ್ತಿನಲ್ಲೇ ಕೊಡಬೇಕು. ಕ್ಯೂಟ್ ಅದರೊಳಗೆ ಸೇರಿಕೊಂಡಿದೆ. ಕ್ಯೂಟ್ ಅನ್ನು ಜಿಪಿಎಲ್ ಷರತ್ತಿನಲ್ಲಿ ಕೊಡುವ ಹಕ್ಕು ಟ್ರೋಲ್‌ಟೆಕ್ ಬಿಟ್ಟರೆ ಯಾರಿಗೂ ಇಲ್ಲ.

ಜಿಪಿಎಲ್‌ನಲ್ಲಿ ಒಂದು ರಿಯಾಯಿತಿ ಇದೆ. ಆಪರೇಟಿಂಗ್ ಸಿಸ್ಟಮ್ ಜೊತೆ ಸಾಮಾನ್ಯವಾಗಿ ಬರುವ ಮುಖ್ಯ ಭಾಗಗಳಿಗೆ ಈ ಷರತ್ತು ಬೇಡ ಅಂತ. ಕ್ಯೂಟ್ ಅನ್ನೂ ಹಾಗೇ ಅಂದುಕೊಳ್ಳಬಹುದಲ್ಲ? ಆದರೆ ಆ ರಿಯಾಯಿತಿಗೆ ಒಂದು ಬಾಲ ಇದೆ: ಆ ಭಾಗವೂ ಪ್ರೋಗ್ರಾಮಿನ ಜೊತೆಗೇ ಹಂಚಿಕೆಯಾಗುವಂತಿದ್ದರೆ ರಿಯಾಯಿತಿ ಇಲ್ಲ. ಡೆಬಿಯನ್ ಹಂಚುವುದು ಇಡೀ ವ್ಯವಸ್ಥೆಯನ್ನು. ಅದರ ಡಬ್ಬಿಯಲ್ಲಿ ಎಲ್ಲವೂ ಎಲ್ಲದರ ಜೊತೆಗೇ ಹೋಗುತ್ತದೆ. ಬೇರೆ ಯಾರಿಗೋ ದಕ್ಕುವ ರಿಯಾಯಿತಿ, ಹಂಚುವವರಿಗೇ ದಕ್ಕುವುದಿಲ್ಲ. ನೀವು ಮನೆಯಲ್ಲಿ ಕೂತು ಸೋರ್ಸಿನಿಂದ ಕಟ್ಟಿಕೊಂಡರೆ ಯಾವ ತಪ್ಪೂ ಇಲ್ಲ. ಡೆಬಿಯನ್ ಕಟ್ಟಿಕೊಟ್ಟರೆ ತಪ್ಪು.

ಪರಿಹಾರ ಇರಲಿಲ್ಲವಾ? ಇತ್ತು. ನಮ್ಮ ಪ್ರೋಗ್ರಾಮನ್ನು ಕ್ಯೂಟ್ ಜೊತೆ ಸೇರಿಸಿ ಹಂಚಲು ಒಪ್ಪಿಗೆ ಇದೆ ಅಂತ ಲೇಖಕರು ಒಂದು ಸಾಲು ಸೇರಿಸಿದರೆ ಸಾಕಿತ್ತು. ತಾವೇ ಬರೆದದ್ದಕ್ಕೆ ಸೇರಿಸಬಹುದು. ಆದರೆ ಕೆಡಿಇಯೊಳಗೆ ಬೇರೆಯವರ ಜಿಪಿಎಲ್ ಕೋಡ್ ಕೂಡ ಬಂದಿತ್ತು. ಕೆಘೋಸ್ಟ್‌ವ್ಯೂ ಅನ್ನೇ ತೆಗೆದುಕೊಳ್ಳಿ. ಅದು ನಿಂತಿದ್ದು ಘೋಸ್ಟ್‌ವ್ಯೂ ಎಂಬ ಹಳೆಯ ಪ್ರೋಗ್ರಾಮಿನ ಕೋಡ್ ಮೇಲೆ. ಆ ಭಾಗಕ್ಕೆ ಒಪ್ಪಿಗೆ ಕೊಡಬೇಕಾದ್ದು ಅದನ್ನು ಬರೆದವರು, ಎರವಲು ತಂದವರಲ್ಲ.

ಹಾಗಿದ್ದರೆ ತಾವೇ ಬರೆದ ಭಾಗಕ್ಕಾದರೂ ಆ ಒಂದು ಸಾಲು ಸೇರಿಸಬಹುದಿತ್ತಲ್ಲ? ಕೆಡಿಇ ಕಡೆಯ ಅನೇಕರು ಇದು ಬೇಕಾಗಿಯೇ ಇಲ್ಲ ಅಂದರು. ನಾವು ಬರೆದದ್ದೇ ಕ್ಯೂಟ್ ಮೇಲೆ, ಜಿಪಿಎಲ್‌ನಲ್ಲಿ ಕೊಟ್ಟಿದ್ದೇವೆ, ಹಾಗಾದರೆ ಒಪ್ಪಿಗೆ ಇದೆ ಅಂತಲೇ ಅರ್ಥ ಅಲ್ವಾ ಅಂತ. ಮನುಷ್ಯರ ನಡುವೆ ಈ ಮಾತು ಸರಿ. ಕಾಗದದ ಮೇಲೆ ಡೆಬಿಯನ್ ಮಾತು ಸರಿ. ನನ್ನನ್ನು ಕೇಳಿದರೆ ಇಲ್ಲಿ ಕೆಡಿಇ ಹಟ ಮಾಡಿತು. ಒಂದು ಸಾಲಿನ ವಿಷಯಕ್ಕೆ ಮರ್ಯಾದೆಯ ಪ್ರಶ್ನೆ ತಂದಿಟ್ಟುಕೊಂಡಿತು. ಡೆಬಿಯನ್ ಕಡೆಯವರ ಮಾತಿನ ಧಾಟಿಯೂ ಮೃದುವಾಗಿರಲಿಲ್ಲ, ಅದು ಬೇರೆ.

ನಾರ್ವೆ ಮೂರು ಹೆಜ್ಜೆ ಇಟ್ಟಿತು

ಮೊದಲ ಹೆಜ್ಜೆ ಡೆಬಿಯನ್ ತೀರ್ಮಾನಕ್ಕಿಂತ ಮುಂಚಿನದು. ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದೂ ಅದೇ. 1998ರಲ್ಲಿ ಟ್ರೋಲ್‌ಟೆಕ್ ಮತ್ತು ಕೆಡಿಇ ಸೇರಿ ಕೆಡಿಇ ಫ್ರೀ ಕ್ಯೂಟ್ ಫೌಂಡೇಶನ್ ಮಾಡಿಕೊಂಡವು. ಆಡಳಿತದಲ್ಲಿ ಎರಡೂ ಕಡೆಯವರು. ಒಪ್ಪಂದ ಹೀಗೆ: ಕಂಪನಿ ಹನ್ನೆರಡು ತಿಂಗಳು ಕ್ಯೂಟ್‌ನ ಸ್ವತಂತ್ರ ಪ್ರತಿ ಹೊರತರದೆ ಹೋದರೆ, ಫೌಂಡೇಶನ್ನು ಕ್ಯೂಟ್ ಅನ್ನು ಬಿಎಸ್‌ಡಿ ತರಹದ ಲೈಸೆನ್ಸ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಡಬಹುದು. ಬಿಎಸ್‌ಡಿ ಅಂದರೆ ಹೆಚ್ಚುಕಮ್ಮಿ ಯಾವ ಕಟ್ಟೂ ಇಲ್ಲ. ಕಂಪನಿ ಮುಳುಗಿದರೂ, ಮಾರಾಟವಾದರೂ ಈ ಮಾತು ನಿಲ್ಲುತ್ತದೆ. ಅಂದರೆ ಸೈಟಿನ ಖಾತೆ ಇನ್ನೂ ಅವರ ಹೆಸರಲ್ಲೇ ಇದೆ, ಆದರೆ ಅವರು ಮನೆ ಬಿಡಿಸಲು ಹೊರಟ ದಿನವೇ ಸೈಟು ಊರಿನದಾಗುತ್ತದೆ ಅಂತ ಅಗ್ರಿಮೆಂಟ್ ಆಯಿತು. ಆಗ ಇದಕ್ಕೆ ಜನ ಕೊಡಬೇಕಾದಷ್ಟು ಬೆಲೆ ಕೊಡಲಿಲ್ಲ. ಎಟ್ರಿಖ್ ಅದೇ ವರ್ಷ ಟ್ರೋಲ್‌ಟೆಕ್‌ನಲ್ಲಿ ಕೆಲಸಕ್ಕೆ ಸೇರಿದರು. ಅನುಮಾನ ಪಡುವವರಿಗೆ ಅದೂ ಒಂದು ಮಾತಾಯಿತು.

ಎರಡನೆಯದು ಕ್ಯೂಪಿಎಲ್. 1998ರ ನವೆಂಬರ್‌ನಲ್ಲಿ ಹೇಳಿ, 1999ರಲ್ಲಿ ಕ್ಯೂಟ್ 2.0 ಜೊತೆ ಕೊಟ್ಟ ಹೊಸ ಲೈಸೆನ್ಸ್. ಇದು ಸ್ವತಂತ್ರ ಲೈಸೆನ್ಸೇ. ತಿದ್ದುಪಡಿಗಳನ್ನು ಪ್ಯಾಚ್ ರೂಪದಲ್ಲಿ, ಅಂದರೆ ಬದಲಾದ ಸಾಲುಗಳಷ್ಟೇ ಇರುವ ಫೈಲಾಗಿ, ಬೇರೆಯಾಗಿ ಹಂಚಬಹುದು. ಆದರೆ ಜಿಪಿಎಲ್ ಜೊತೆ ಇದು ಹೊಂದುವುದಿಲ್ಲ. ರೋಗ ಇದ್ದದ್ದೇ ಅಲ್ಲಿ. ಹಾಗಾಗಿ ಡೆಬಿಯನ್ ಬಾಗಿಲು ತೆರೆಯಲಿಲ್ಲ.

2000ದ ಆಗಸ್ಟ್ 15ರಂದು ಗ್ನೋಮ್ ಫೌಂಡೇಶನ್ ಘೋಷಣೆಯಾಯಿತು. ಸನ್, ಐಬಿಎಂ, ಎಚ್‌ಪಿಯಂಥ ಕಂಪನಿಗಳು ಅದರ ಬೆನ್ನಿಗೆ ನಿಂತವು. ಅದೇ ಹೊತ್ತಿಗೆ ಡೆಬಿಯನ್ 2.2 ಹೊರಬಂತು, ಕೆಡಿಇ ಇಲ್ಲದೆ. ಮೂರು ವಾರ ಆಗುವಷ್ಟರಲ್ಲಿ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಟ್ರೋಲ್‌ಟೆಕ್ ಮೂರನೆಯ ಹೆಜ್ಜೆ ಇಟ್ಟಿತು. ಯೂನಿಕ್ಸ್ ಕಡೆಯ ಕ್ಯೂಟ್ 2.2 ಇನ್ನು ಜಿಪಿಎಲ್‌ನಲ್ಲೂ ಸಿಗುತ್ತದೆ ಅಂತ. ಈ ಮೂರು ವಾರದ ಅಂತರ ಬರೀ ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. ಎದುರು ಮನೆ ದೊಡ್ಡದಾಗುತ್ತಿದೆ ಅಂತ ಗೊತ್ತಾದಾಗಲೇ ಸೈಟಿನವರು ಧಾರಾಳಿಗಳಾಗುವುದು. ಎಷ್ಟು ಲೇಖನ ಬರೆದರೂ ಆಗದ ಕೆಲಸ ಗ್ನೋಮ್ ಇದ್ದದ್ದರಿಂದ ಆಯಿತು.

ಒಂದು ಬಾಲಂಗೋಚಿ ಉಳಿದಿತ್ತು. ಅದೇ ವಾರ ಜಿಪಿಎಲ್ ಬರೆದ ರಿಚರ್ಡ್ ಸ್ಟಾಲ್‌ಮನ್ ಒಂದು ಲೇಖನ ಬರೆದರು. ಹಿಂದೆ ಜಿಪಿಎಲ್ ಮುರಿದವರ ಹಕ್ಕು ತಪ್ಪಿಹೋಗಿದೆ, ಮೂಲ ಲೇಖಕರಿಂದ ಕ್ಷಮೆ ಕೇಳಿ ಸರಿಮಾಡಿಕೊಳ್ಳಬೇಕು, ತಮ್ಮ ಸಂಸ್ಥೆಯ ಕೋಡ್ ಮಟ್ಟಿಗೆ ಕ್ಷಮೆ ಕೊಟ್ಟಾಯಿತು ಅನ್ನುವ ಅರ್ಥದಲ್ಲಿ. ಕಾನೂನಿನ ಲೆಕ್ಕದಲ್ಲಿ ಅವರ ಮಾತಿಗೆ ಆಧಾರ ಇತ್ತು. ಆದರೆ ಮದುವೆ ಮನೆಯಲ್ಲಿ ಹಳೆಯ ಸಾಲದ ಪತ್ರ ತೆಗೆದ ಹಾಗಾಯಿತು. ಕೆಡಿಇಯವರು ಉರಿದುಬಿದ್ದರು. ಅಕ್ಟೋಬರ್ 23ರಂದು ಕೆಡಿಇ 2.0 ಬಂತು. ಡೆಬಿಯನ್‌ನ ಸ್ಥಿರ ಆವೃತ್ತಿಯೊಳಗೆ ಕೆಡಿಇ ಕೂತದ್ದು ಇನ್ನೂ ತಡವಾಗಿ, 2002ರ ಜುಲೈನ 3.0ರಲ್ಲಿ.

ವಿಂಡೋಸ್‌ನಲ್ಲಿ ಕ್ಯೂಟ್ ಜಿಪಿಎಲ್ ಆದದ್ದು 2005ರಲ್ಲಿ. 2008ರಲ್ಲಿ ನೋಕಿಯಾ ಟ್ರೋಲ್‌ಟೆಕ್ ಅನ್ನು ಕೊಂಡಿತು. 2009ರ ಮಾರ್ಚ್‌ನಲ್ಲಿ ಕ್ಯೂಟ್ 4.5 ಎಲ್‌ಜಿಪಿಎಲ್‌ನಲ್ಲೂ ಬಂತು. ಜಿಟಿಕೆ ಹದಿಮೂರು ವರ್ಷದ ಹಿಂದೆ ನಿಂತಿದ್ದ ಜಾಗಕ್ಕೆ ಕ್ಯೂಟ್ ಕೊನೆಗೂ ಬಂದು ನಿಂತಿತು. ಅಷ್ಟರಲ್ಲಿ ಎರಡು ಮನೆ, ಎರಡು ಸಂಸಾರ. ಒಂದಾಗುವ ಮಾತೇ ಇರಲಿಲ್ಲ.

ಎರಡು ಮನೆ, ಒಂದು ಬಾವಿ

ಸಂಸಾರ ಎರಡಾದರೂ ನೀರು ಸೇದುವುದು ಒಂದೇ ಕಡೆ ಆಗಬೇಕಲ್ಲ. 2000ದಲ್ಲಿ ಹ್ಯಾವಕ್ ಪೆನಿಂಗ್ಟನ್ ಶುರುಮಾಡಿದ ಫ್ರೀಡೆಸ್ಕ್‌ಟಾಪ್ ಎಂಬ, ಎರಡೂ ಕಡೆಯವರು ಸೇರುವ ಯೋಜನೆಯೇ ಆ ಬಾವಿ. ಕೆಡಿಇಯ ಮೆನುವಿನಲ್ಲಿ ಐಲ್‌ರಾಯಟ್ ಕಾಣುವುದು, ಗ್ನೋಮ್‌ನಲ್ಲಿ ಕೆಪೇಶನ್ಸ್ ಕಾಣುವುದು ಅಲ್ಲಿ ಕೂತು ಒಪ್ಪಿಕೊಂಡ ಒಂದು ಪುಟ್ಟ ಫೈಲಿನ ನಮೂನೆಯಿಂದ.

ಕನ್ನಡ ಓದುವವರಿಗೆ ಈ ಬಾವಿಯ ಋಣ ಜಾಸ್ತಿ. ‘ಸ್ತ್ರಿ’ ಅಂತ ಕಂಪ್ಯೂಟರಿನಲ್ಲಿ ಹೇಗೆ ಕೂಡಿಟ್ಟಿರುತ್ತದೆ ನೋಡಿ: ಮೊದಲು ಸ, ಆಮೇಲೆ ಹಲಂತ ಚಿಹ್ನೆ (್), ತ, ಮತ್ತೆ ಹಲಂತ ಚಿಹ್ನೆ, ರ, ಕೊನೆಯಲ್ಲಿ ಗುಡಿಸು. ಗುಡಿಸು ಕೊನೆಯಲ್ಲಿ ಬಂದರೂ ಹೋಗಿ ಕೂರಬೇಕಾದ್ದು ಮೊದಲ ಸ ಮೇಲೆ. ತ ಮತ್ತು ರ ಒತ್ತಾಗಿ ಕೆಳಗಿಳಿಯಬೇಕು. ‘ಸೂರ್ಯ’ದಲ್ಲಿ ಇದರ ತಿರುವುಮುರುವು. ರ ಮೊದಲು ಬರುತ್ತದೆ, ಆದರೆ ಅರ್ಕಾವತ್ತಾಗಿ ಯ ಆದಮೇಲೆ ಕಾಣಬೇಕು. ಈ ಜೋಡಣೆ ಮಾಡುವ ಭಾಗ ಜಿಟಿಕೆ ಕಡೆ ಪ್ಯಾಂಗೊ ಎಂಬ ಲೈಬ್ರರಿಯ ಮೂಲಕ ನಡೆಯುತ್ತಿತ್ತು, ಕ್ಯೂಟ್ ಕಡೆ ಅದರದ್ದೇ ಬೇರೆ. ಇಬ್ಬರೂ ಫ್ರೀಟೈಪ್ ಯೋಜನೆಯ ಒಂದೇ ಹಳೆಯ ಕೋಡನ್ನು ತಂದು, ತಮಗೆ ಬೇಕಾದಂತೆ ತಿದ್ದಿಕೊಂಡಿದ್ದರು. ಪರಿಣಾಮ ನನಗೆ ಚೆನ್ನಾಗಿ ನೆನಪಿದೆ. ಒಂದೇ ಕಂಪ್ಯೂಟರ್, ಒಂದೇ ಫಾಂಟ್, ಒಂದೇ ಫೈಲು. ಒಂದು ಕಿಟಕಿಯಲ್ಲಿ ಒತ್ತಕ್ಷರ ಸರಿ, ಪಕ್ಕದ ಕಿಟಕಿಯಲ್ಲಿ ಚುಕ್ಕಿ ಚುಕ್ಕಿಯ ವೃತ್ತ. ತಪ್ಪು ಫಾಂಟಿನದೋ ಪ್ರೋಗ್ರಾಮಿನದೋ ಗೊತ್ತಾಗದೆ ಒಂದು ಇಡೀ ಭಾನುವಾರ ಕಳೆದಿದ್ದೇನೆ. ಲೈಸೆನ್ಸ್ ಜಗಳಕ್ಕೂ ನಮ್ಮ ಅರ್ಕಾವತ್ತಿಗೂ ಸಂಬಂಧ ಇರಬಹುದು ಅಂತ ಆಗ ಹೊಳೆದಿರಲಿಲ್ಲ.

ಆ ಎರಡು ಪ್ರತಿಗಳನ್ನು ಫ್ರೀಡೆಸ್ಕ್‌ಟಾಪ್‌ನ ಸೂರಿನಡಿ ಒಂದುಮಾಡಿದ್ದು ಹಾರ್ಫ್‌ಬಜ್. ಪ್ಯಾಂಗೊ ನೋಡಿಕೊಳ್ಳುತ್ತಿದ್ದ ಬೆಹ್ದಾದ್ ಎಸ್ಫಹ್ಬೋದ್ ಮುಂದೆ ಅದನ್ನು ಹೊಸದಾಗಿ ಬರೆದರು. ಹೆಸರು ಪಾರಸಿಯದು. ಹರ್ಫ್ ಅಂದರೆ ಅಕ್ಷರ, ಬಾಜ್ ಅಂದರೆ ತೆರೆದದ್ದು. ಇವತ್ತು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರಲ್ಲೂ ಕನ್ನಡದ ಒತ್ತು ಕೂರಿಸುವುದು ಅದೇ. ಒಂದು ಕಡೆ ಸರಿಮಾಡಿದರೆ ಎಲ್ಲ ಕಡೆ ಸರಿಹೋಗುತ್ತದೆ. ತಿದ್ದಿದ ಪ್ರತಿಯನ್ನು ಪಕ್ಕದ ಮನೆಯವರಿಗೂ ಕೊಡಬಹುದು.

ಅಗ್ರಿಮೆಂಟ್ ಈಗ ಎಲ್ಲಿದೆ

ನೋಕಿಯಾ ತನ್ನ ಫೋನುಗಳಿಗೆ ವಿಂಡೋಸ್ ಆರಿಸಿಕೊಂಡ ಮೇಲೆ 2012ರಲ್ಲಿ ಕ್ಯೂಟ್ ಫಿನ್ಲೆಂಡಿನ ಡಿಜಿಯಾ ಪಾಲಾಯಿತು. 2014ರಲ್ಲಿ ದಿ ಕ್ಯೂಟ್ ಕಂಪನಿ ಆಯಿತು. ಒಡೆಯರು ಬದಲಾದಾಗಲೆಲ್ಲ 1998ರ ಆ ಒಪ್ಪಂದವೂ ಜೊತೆಗೆ ಹೋಯಿತು. ಮುಂಚೆ ಜನ ಹೆದರಿದ್ದು ಇದಕ್ಕೇ ಅಲ್ವಾ, ಕಂಪನಿ ಕೈ ಬದಲಾದರೆ ಏನು ಗತಿ ಅಂತ. ಒಂದಲ್ಲ, ಹಲವು ಸಲ ಕೈ ಬದಲಾಯಿತು. ಮನೆ ಬಿಡಿ ಅಂತ ಯಾರೂ ಹೇಳಲಿಲ್ಲ. ಹೇಳಿದ್ದರೆ ಸೈಟೇ ಕೈತಪ್ಪುತ್ತಿತ್ತು.

ಹಾಗಂತ ಎಳೆದಾಟ ನಿಂತಿಲ್ಲ. 2021ರಲ್ಲಿ ಕ್ಯೂಟ್ 5.15ರ ದೀರ್ಘಕಾಲದ ತಿದ್ದುಪಡಿಗಳನ್ನು ಕಂಪನಿ ದುಡ್ಡು ಕೊಡುವ ಗಿರಾಕಿಗಳಿಗೆ ಮಾತ್ರ ಮೊದಲು ಕೊಡತೊಡಗಿತು. ಒಪ್ಪಂದದಲ್ಲಿ ಅದಕ್ಕೆ ಜಾಗ ಇತ್ತು. ಕೆಡಿಇಯವರು ಅದೇ ವರ್ಷ ತಮಗೆ ಬೇಕಾದ ತಿದ್ದುಪಡಿಗಳನ್ನು ತಾವೇ ಒಂದು ಕಡೆ ಸೇರಿಸಿ, ತಿದ್ದಿದ ಕ್ಯೂಟ್ 5.15 ಅನ್ನು ಎಲ್ಲರಿಗೂ ಹಂಚಿದರು. 1996ರ ಲೈಸೆನ್ಸ್‌ನಲ್ಲಿ ಮಾಡಲಾಗದಿದ್ದ ಕೆಲಸವೇ ಅದು.

ಇದನ್ನು ಬರೆಯುವಾಗ ನನ್ನ ಕಂಪ್ಯೂಟರಿನಲ್ಲಿ ಎರಡೂ ಇಸ್ಪೀಟ್ ಆಟ ಹಾಕಿದ್ದೆ. ಟರ್ಮಿನಲ್ ತೆರೆದು, ಪ್ರೋಗ್ರಾಮ್ ಯಾವ ಯಾವ ಲೈಬ್ರರಿಯ ಮೇಲೆ ನಿಂತಿದೆ ಅಂತ ತೋರಿಸುವ ಎಲ್‌ಡಿಡಿ ಆಜ್ಞೆ ಕೊಟ್ಟು ನೋಡಿದೆ. ಕೆಪೇಶನ್ಸ್ ಪಟ್ಟಿಯಲ್ಲಿ ಕ್ಯೂಟ್ ಇದೆ, ಜಿಟಿಕೆ ಇಲ್ಲ. ಐಲ್‌ರಾಯಟ್ ಪಟ್ಟಿಯಲ್ಲಿ ಜಿಟಿಕೆ ಇದೆ, ಕ್ಯೂಟ್ ಇಲ್ಲ. ಎರಡರಲ್ಲೂ ಕೆಳಗೆ ಇಳಿಯುತ್ತಾ ಹೋದರೆ ಹಾರ್ಫ್‌ಬಜ್ ಸಾಲು ಸಿಗುತ್ತದೆ. ಆಮೇಲೆ ಐಲ್‌ರಾಯಟ್‌ನಲ್ಲಿ ಒಂದು ಆಟ ಆಡಿ ಸೋತೆ.